ನಾಯಿಯನ್ನು ಕಾದ ಹತ್ತು ದಿನ

ಹೋದ ತಿಂಗಳು ಇಲಾಖೆಗೆ ಹೊಸದಾಗಿ ಸೇರಿದವರಿಗೆ ಎರಡು ಮಾತು ಹೇಳಿ ಎಂದು ನನ್ನನ್ನು ಕೊಪ್ಪಕ್ಕೆ ಕರೆದಿದ್ದರು. ಪಶು ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡಾಕ್ಟರ ಕೈಕೆಳಗೆ ಪರೀಕ್ಷಕಿಯಾಗಿ ದುಡಿದು ನಿವೃತ್ತಳಾದವಳು, ಏನಾದರೂ ಉಪಯೋಗದ್ದು ಹೇಳಿಯಾಳು ಎಂದು ಅವರ ಎಣಿಕೆ. ಹೋದೆ. ಶಾಲು ಹೊದಿಸಿದರು. ಮೈಕು ಕೈಗೆ ಬಂದ ಮೇಲೆ ಮನುಷ್ಯರಿಗೆ ಏನಾಗುತ್ತದೋ ನನಗೂ ಅದೇ ಆಯಿತು. ಯೋಜನೆ, ಗುರಿ, ಸಾಧನೆ ಎಂದು ಅರ್ಧ ಗಂಟೆ ಕೊರೆದು ಬಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಆಕಳಿಕೆ ನುಂಗಿದ್ದು ಕಂಡಿತು. ಪಾಪ, ಬಾಯಿ ಮುಚ್ಚಿಕೊಂಡು ಆಕಳಿಸುವುದು ಸುಲಭವಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೇ ನಾಚಿಕೆಯಾಯಿತು. ಆ ಮಕ್ಕಳು ನಾಳೆ ಯಾರದೋ ಮನೆಯ ಅಂಗಳಕ್ಕೆ ಕಾಲಿಡುತ್ತಾರೆ. ಅಲ್ಲಿ ಯೋಜನೆ ಇರುವುದಿಲ್ಲ. ಒಂದು ನಾಯಿ ಇರುತ್ತದೆ, ನಾಲ್ಕು ಹೂವಿನ ಗಿಡ ಇರುತ್ತವೆ, ಏನಾಗಿದೆ ಹೇಳಿ ಎಂದು ಮುಖ ನೋಡುವ ಮನೆಯವರು ಇರುತ್ತಾರೆ. ಅಂಥ ಒಂದು ಅಂಗಳದಲ್ಲಿ ನಾನು ಮಾಡಿದ ತಪ್ಪೇ ನನಗೆ ಕೆಲಸ ಕಲಿಸಿದ್ದು. ಅದನ್ನು ಮೈಕಿನ ಮುಂದೆ ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಆ ಹೊಸಬರಿಗಾಗಿ ಕೂತು ಬರೆಯುತ್ತಿದ್ದೇನೆ.

ಮೊದಲು ನಾನೀಗ ಹೇಗಿದ್ದೇನೆ ಎಂಬುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆ ತಪ್ಪಿಗೂ ಈ ಸುಖಕ್ಕೂ ನಂಟಿದೆ. ಕಮ್ಮರಡಿಯಿಂದ ಸ್ವಲ್ಪ ಒಳಗೆ ಎಂಟು ಗುಂಟೆ ಜಾಗ, ಎರಡು ಕೋಣೆಯ ಹೆಂಚಿನ ಮನೆ. ಅಡಿಕೆ ಮರ ಒಟ್ಟು ಮೂರು. ಅದನ್ನು ತೋಟ ಎಂದರೆ ಊರವರು ನಗುತ್ತಾರೆ, ನಾನೂ ನಗುತ್ತೇನೆ. ಉಳಿದದ್ದೆಲ್ಲ ಹೂವು, ತರಕಾರಿ ಮತ್ತು ನಾಯಿ. ಹೂವು ನನ್ನದು, ತರಕಾರಿ ನಮ್ಮನೆಯವರದು. ಕಾಳ, ಪುಟ್ಟಿ ಎಂಬ ಎರಡು ನಾಯಿಗಳು ಮಾತ್ರ ಈ ಗಡಿಯನ್ನು ಒಪ್ಪಿಲ್ಲ. ನಮ್ಮನೆಯವರು ಬೆನ್ನು ನೋಯುವಷ್ಟು ಅಗೆದು, ಗೊಬ್ಬರ ಹಾಕಿ, ಬೆಂಡೆ ಬೀಜ ಊರಿ ಕೈ ತೊಳೆದು ಬರುವಷ್ಟರಲ್ಲಿ ಆ ತಣ್ಣನೆ ಮಣ್ಣಿನ ಮೇಲೆ ಕಾಳ ಉದ್ದಕ್ಕೆ ಮಲಗಿರುತ್ತಾನೆ. ಅವರು ಬೈಯುತ್ತಾರೆ. ಅವನು ಒಂದು ಕಣ್ಣು ತೆರೆದು ನೋಡಿ, ಬೈಯುವುದು ಮುಗಿಯಿತೆಂದು ಖಾತ್ರಿಯಾದ ಮೇಲೆ ಮತ್ತೆ ಮುಚ್ಚುತ್ತಾನೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಡೇರೆ, ಅಂದರೆ ಡೇಲಿಯಾ ಹೂವಿನ ಗಿಡಗಳ ಸಾಲಿನಲ್ಲಿ ಒಂದು ಸುತ್ತು ಬರಬೇಕು. ಯಾವ ಮೊಗ್ಗು ಬಿರಿದಿದೆ, ಯಾವುದಕ್ಕೆ ಕೋಲು ಕೊಡಬೇಕು, ಬಸವನಹುಳು ರಾತ್ರಿ ಎಲ್ಲೆಲ್ಲಿ ಊಟ ಮಾಡಿ ಹೋಗಿದೆ ಎಂಬ ತನಿಖೆ. ಪುಟ್ಟಿ ನನ್ನ ಹಿಂದೆಯೇ ಬರುತ್ತಾಳೆ, ನಾನು ನಿಂತಲ್ಲಿ ನಿಲ್ಲುತ್ತಾಳೆ, ನಾನು ಮೂಸಿದ ಹೂವನ್ನು ತಾನೂ ಮೂಸಿ ಸೀನುತ್ತಾಳೆ. ಕಾಫಿ ಆರಿ ಹೋಗಿರುತ್ತದೆ. ಆರಿದ ಕಾಫಿಯನ್ನು ಬಿಸಿ ಮಾಡಿ ಕೊಡುವುದಿಲ್ಲ ಎಂದು ನಮ್ಮನೆಯವರು ದಿನಾ ಹೇಳುತ್ತಾರೆ, ದಿನಾ ಮಾಡಿಕೊಡುತ್ತಾರೆ. ಇದಕ್ಕಿಂತ ಹೆಚ್ಚಿನದು ನನಗೆ ಬೇಕಿಲ್ಲ.

ನೌಕರಿಯಲ್ಲಿದ್ದಾಗ ಇದ್ಯಾವುದೂ ಇರಲಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಮತ್ತೆ ಕೊಪ್ಪ. ಮೂರು ತಾಲ್ಲೂಕುಗಳ ನಡುವೆ ನನ್ನನ್ನು ಚೌಕಾಬಾರದ ಕಾಯಿಯಂತೆ ನಡೆಸಿದರು. ಬಾಡಿಗೆ ಮನೆಯವರು ಮೊದಲು ಕೇಳುತ್ತಿದ್ದುದೇ ನಾಯಿಗೀಯಿ ತರೋದಿಲ್ಲ ತಾನೇ ಎಂದು. ಊರಿನ ನಾಯಿಗಳಿಗೆಲ್ಲ ಔಷಧಿ ಕೊಡುವವಳಿಗೆ ಸ್ವಂತದ್ದೊಂದು ನಾಯಿಮರಿ ಕಟ್ಟಲು ಜಾಗವಿರಲಿಲ್ಲ.

ಕಲಿತದ್ದೆಲ್ಲ ಬಿದ್ದು ಎದ್ದು ಕಲಿತದ್ದು. ಬಸರೀಕಟ್ಟೆಯ ಕಡೆ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಒಂದು ನಾಯಿ ಸೀನಿ ಸೀನಿ ಮೂಗಿನಿಂದ ರಕ್ತ ಬರಿಸುತ್ತಿತ್ತು. ನಾನು ಶೀತವೆಂದು ಮೂರು ದಿನ ಹನಿ ಔಷಧಿ ಹಾಕಿದೆ. ನಾಲ್ಕನೇ ದಿನ ಆ ಮನೆಯ ಅಜ್ಜಿ ನನ್ನ ಚೀಲದ ಕಡೆ ನೋಡಿ, "ಇನ್ನೂ ಎಷ್ಟು ಬಾಟ್ಲಿ ಖಾಲಿ ಮಾಡ್ಬೇಕು ಅಂತಿದೀರಿ?" ಎಂದರು. ಆಮೇಲೆ ಬೆಳಿಗ್ಗೆಯಿಂದ ನೀರು ಕೊಡದೆ ಬಿಟ್ಟಿದ್ದ ಆ ನಾಯಿಯ ಮುಂದೆ ಕರಟದಲ್ಲಿ ನೀರಿಟ್ಟರು. ಅದು ಮೂತಿ ಇಟ್ಟು ಕುಡಿಯಲು ಶುರು ಮಾಡಿದ್ದೇ ತಡ, ನೀರಿನ ಆಸೆಗೆ ಮೂಗಿನ ಹೊಳ್ಳೆಯಿಂದ ಒಂದು ಇಂಬಳ, ರಕ್ತ ಹೀರುವ ಜಿಗಣೆ, ನಿಧಾನಕ್ಕೆ ತಲೆ ಹೊರಗೆ ಹಾಕಿತು. ಅಜ್ಜಿ ಬೆರಳಿಗೆ ಬೂದಿ ಹಚ್ಚಿಕೊಂಡು ತಯಾರಾಗಿದ್ದರು. ಹಿಡಿದು ಎಳೆದು ಒಲೆಗೆ ಹಾಕಿದರು. ನಾನು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಈ ಉಪಾಯ ನನಗೆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ನೀವು ಬರೆದಿಟ್ಟುಕೊಳ್ಳಿ.

ಇನ್ನೊಮ್ಮೆ ಮೇಲಧಿಕಾರಿಗಳು ಹಠಾತ್ತನೆ ತಪಾಸಣೆಗೆ ಬಂದು, ಮಂಜುಗಡ್ಡೆ ಹಾಕಿ ಲಸಿಕೆ ಒಯ್ಯುವ ನನ್ನ ಡಬ್ಬಿಯ ಮುಚ್ಚಳ ತೆಗೆಸಿದರು. ಲಸಿಕೆ ಮುಗಿದಿತ್ತು. ಒಳಗೆ ಎಂಟು ಡೇರೆ ಗಡ್ಡೆ, ಒಂದು ಕಟ್ಟು ಕೆಸುವಿನೆಲೆ. ಹಳ್ಳಿ ಮನೆಗಳಿಗೆ ಹೋದರೆ ಹೆಂಗಸರು ಹೀಗೆ ಏನಾದರೂ ಕೊಡುತ್ತಾರೆ. ಈ ಮನೆಯ ಗಡ್ಡೆ ಆ ಮನೆಗೆ, ಆ ಮನೆಯ ಬಳ್ಳಿ ಈ ಮನೆಗೆ ಸಾಗಿಸುವ ಕೆಲಸವೂ ನಮ್ಮದೇ. "ಇದು ಯಾವ ರೋಗಕ್ಕೆ?" ಎಂದು ಸಾಹೇಬರು ಕೇಳಿದರು. ಅವರು ಎರಡು ಗಡ್ಡೆ ಆರಿಸಿಕೊಂಡು ಕಾಗದದಲ್ಲಿ ಸುತ್ತಿ ಜೀಪಿನಲ್ಲಿಟ್ಟರು. "ಕೆಂಪಾ, ಹಳದಿಯಾ?" ಎಂದು ಕೇಳಿ ಹೋದರು. ಅದರ ಬಗ್ಗೆ ಮೆಮೊ ಬರಲಿಲ್ಲ.

ಇವೆಲ್ಲ ನಗುವ ತಪ್ಪುಗಳು. ಈಗ ಹೇಳುವುದು ಬೇರೆ ಜಾತಿಯದು.

ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು, ಶೃಂಗೇರಿಯಲ್ಲಿದ್ದೆ. ನವರಾತ್ರಿಗೆ ಇನ್ನೂ ಹತ್ತು ಹನ್ನೆರಡು ದಿನ. ಮಳೆ ಹಿಂದೆ ಸರಿದು ಬಿಸಿಲು ಬಿದ್ದಿತ್ತು. ಬೇಗಾರಿನಿಂದ ಸುಬ್ರಾಯಣ್ಣ ಎಂಬುವರು ಆಸ್ಪತ್ರೆಗೆ ಬಂದರು. ಐವತ್ತರ ಆಸುಪಾಸಿನ ಕೃಷಿಕರು, ಮಾತು ಕಡಿಮೆ. "ನಮ್ಮನೆ ನಾಯಿ ಎರಡು ದಿನದಿಂದ ಊಟ ಬಿಟ್ಟಿದೆ. ಬಾಯಿ ಮುಚ್ತಾ ಇಲ್ಲ, ಜೊಲ್ಲು ಸುರೀತಾ ಇದೆ. ಕೂಗಿದ್ರೆ ಸ್ವರವೇ ಬೇರೆ ಬತ್ತು," ಎಂದರು. ನಮ್ಮ ಡಾಕ್ಟರು ಲಸಿಕೆ ಕ್ಯಾಂಪಿಗೆ ಹೋಗಿದ್ದರು. ನಾನೊಬ್ಬಳೇ ಅವರ ಜೊತೆ ಬಸ್ಸು ಹತ್ತಿದೆ.

ಚೊಕ್ಕ ಮನೆ. ಮುಂದೆ ಅಂಗಳ, ಅಂಗಳದ ಪಕ್ಕಕ್ಕೆ ಡೇರೆ ಗಿಡಗಳ ಸಾಲು, ಊಟದ ತಟ್ಟೆಯಷ್ಟಗಲದ ಕೆಂಪು ಹೂವುಗಳು. ನಾನು ಆ ಹೊತ್ತು ಅದನ್ನೆಲ್ಲ ನೋಡಲಿಲ್ಲ. ದಾಸು ಎಂಬ ಕಂದು ಬಣ್ಣದ ನಾಯಿಯನ್ನು ಮನೆಯ ಮಗ್ಗುಲ ಪೇರಲೆ ಮರಕ್ಕೆ ಕಟ್ಟಿದ್ದರು. ಕೆಳದವಡೆ ಜೋತು ಬಿದ್ದಿತ್ತು. ಜೊಲ್ಲು ಎಳೆ ಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ನನ್ನನ್ನು ಕಂಡು ಒಂದು ವಿಕಾರ ಸ್ವರ ತೆಗೆಯಿತು. ಹುಚ್ಚುನಾಯಿಯ ಲಕ್ಷಣಗಳೆಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೆಲ್ಲ ಒಂದೊಂದಾಗಿ ಎದುರಿಗೇ ಇದ್ದಂತೆ ಕಂಡಿತು. ಹತ್ತು ಅಡಿ ದೂರದಿಂದ ಮುಂದಕ್ಕೆ ಒಂದು ಹೆಜ್ಜೆ ಇಡಲಿಲ್ಲ. ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಲಿಲ್ಲ. ಡಾಕ್ಟರು ಸಂಜೆ ಬರುತ್ತಾರೆ, ಅವರು ಬರುವ ತನಕ ಕಟ್ಟಿಯೇ ಇಡಿ ಎನ್ನಬಹುದಿತ್ತು. ಹೊಸಬಳು, ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ ಎಂದುಕೊಂಡೆ.

"ಹುಚ್ಚೇ," ಎಂದೆ. "ಇಟ್ಟುಕೊಳ್ಳೋದು ಅಪಾಯ. ಹೊಡೆಸಿಬಿಡಿ."

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಯಾರೋ ನನ್ನಂಥವಳನ್ನು ನೋಡಿಯೇ ಕಟ್ಟಿರಬೇಕು. ಸುಬ್ರಾಯಣ್ಣ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಹೊಳೆಯಾಚೆ ರಂಗಪ್ಪಗೌಡರ ಮನೆಯಲ್ಲಿ ಕೋವಿ ಇತ್ತು. ಅವರನ್ನು ಕರೆಯಲು ಹೊರಟರು. ಸುಬ್ರಾಯಣ್ಣನ ಹೆಂಡತಿ ಭಾಗೀರಥಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನನಗೆ ಜಗುಲಿಯಲ್ಲಿ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ಕಾಫಿ ಕುಡಿಯುತ್ತಾ ವರದಿಯ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ.

ಲೋಟ ಖಾಲಿಯಾಗುವಷ್ಟರಲ್ಲಿ ಮನೆಯ ಮಗ್ಗುಲಿನಿಂದ ನಾಯಿ ಕುಂಯ್ ಎಂದು ಕಿರುಚಿದ್ದು ಕೇಳಿಸಿತು. ಓಡಿದೆ. ಭಾಗೀರಥಕ್ಕ ಪೇರಲೆ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಎಡಗೈಯಲ್ಲಿ ದಾಸುವಿನ ಮೇಲ್ದವಡೆ ಹಿಡಿದಿದ್ದರು, ಬಲಗೈಯಿಂದ ರಕ್ತ ಸುರಿಯುತ್ತಿತ್ತು. ನನ್ನನ್ನು ಕಂಡು ಎದ್ದು ಬಂದು ಆ ಬಲಗೈಯನ್ನು ನನ್ನ ಮುಂದೆ ಬಿಡಿಸಿದರು. ಅಂಗೈಯಲ್ಲಿ ಹೆಬ್ಬೆರಳುದ್ದದ ಒಂದು ಮುಳ್ಳುಹಂದಿ ಮುಳ್ಳಿನ ತುಂಡು.

"ಅಂಗಳದಲ್ಲಿ ಅಡ್ಡಕ್ಕೆ ಸಿಕ್ಕಿಹಾಕಿಕೊಂಡಿತ್ತು. ಇದಕ್ಕೆ ನಿಮ್ಮ ಆಸ್ಪತ್ರೆಲಿ ಎಂತ ಹೆಸ್ರು ಡಾಕ್ಟ್ರಮ್ಮ?" ಎಂದು ಕೇಳಿದರು.

ಅಂಗಳ ಎಂದರೆ ಬಾಯಿಯ ಅಂಗಳ, ಮೇಲ್ಭಾಗ. ಮುಳ್ಳು ಅಲ್ಲಿ ಅಡ್ಡವಾಗಿ ನಿಂತಿದ್ದರಿಂದ ದವಡೆ ಮುಚ್ಚಲು ಆಗುತ್ತಿರಲಿಲ್ಲ. ಅದಕ್ಕೇ ಜೊಲ್ಲು, ಅದಕ್ಕೇ ಆ ಸ್ವರ. ದಾಸು ಅಷ್ಟರಲ್ಲಿ ನೀರಿನ ಬಟ್ಟಲಿಗೆ ಬಾಯಿ ಹಾಕಿದ್ದ.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಮುಳ್ಳು ಸಿಕ್ಕ ಮಾತ್ರಕ್ಕೆ ಹುಚ್ಚಿಲ್ಲ ಎಂದಾಗುವುದಿಲ್ಲ. ಹುಚ್ಚು ಹಿಡಿದ ನಾಯಿ ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಮುಳ್ಳುಹಂದಿಯನ್ನೂ ಕಚ್ಚಬಹುದು. ಮುಳ್ಳು ಕೀಳುವಾಗ ನಾಯಿಯ ಹಲ್ಲು ತಗುಲಿ ಅವರ ಕೈ ಉದ್ದಕ್ಕೆ ಸೀಳಿತ್ತು, ಜೊಲ್ಲು ಗಾಯದೊಳಗೆ ಹೋಗಿತ್ತು. ಆಗ ಆ ದಿನದ ಮೊದಲ ಸರಿಯಾದ ಕೆಲಸ ಮಾಡಿದೆ. ಅವರ ಕೈ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗಿ, ಹರಿಯುವ ನೀರಿನ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ತೊಳೆದೆ. "ಬಟ್ಟೆ ಸೋಪು ಹಚ್ತಾ ಇದ್ದೀಯಲ್ಲೇ, ನಾನು ಎಂತ ಚಾದರವಾ?" ಎಂದು ಅವರು ಬೈಯುತ್ತಲೇ ಇದ್ದರು. ಬೈಯುವ ರಭಸಕ್ಕೆ ನೀವು ಎನ್ನುವುದು ನೀನು ಆಗಿತ್ತು. ಅದು ಮತ್ತೆ ನೀವು ಆಗಲೇ ಇಲ್ಲ.

ಅಷ್ಟರಲ್ಲಿ ಸುಬ್ರಾಯಣ್ಣನೂ ಕೋವಿ ಹೆಗಲಿಗೇರಿಸಿದ ರಂಗಪ್ಪಗೌಡರೂ ಬಂದರು. ಮುಳ್ಳು ನೋಡಿದರು, ನಾಯಿ ನೋಡಿದರು, ಭಾಗೀರಥಕ್ಕನ ಕೈ ನೋಡಿದರು.

"ಈಗ ಹೊಡೀಬೇಕಾ, ಬ್ಯಾಡ್ವಾ? ಒಂದು ಹೇಳಿ ಮಾರಾಯ್ರೆ," ಎಂದರು ಗೌಡರು. ಎಲ್ಲರೂ ನನ್ನ ಮುಖ ನೋಡಿದರು.

"ಹೊಡೀಬಾರದು," ಎಂದೆ. "ಹತ್ತು ದಿನ ಕಟ್ಟಿ ಕಾಯಬೇಕು. ನಾಯಿಗೆ ಹುಚ್ಚಿದ್ರೆ ಹತ್ತು ದಿನದೊಳಗೆ ಸಾಯ್ತದೆ. ಬದುಕಿದ್ರೆ ಅಕ್ಕನಿಗೆ ಏನೂ ಭಯ ಇಲ್ಲ."

ಬದುಕದಿದ್ದರೆ ಎಂದು ಯಾರೂ ಕೇಳಲಿಲ್ಲ. ಗೌಡರು ಕೋವಿಯನ್ನು ಗೋಡೆಗೆ ಒರಗಿಸಿ, ಬಂದದ್ದಕ್ಕೆ ಕಾಫಿಯಾದರೂ ಆಗಲಿ ಎಂದು ಜಗುಲಿಯ ಮೇಲೆ ಕೂತರು.

ಸಂಜೆ ಡಾಕ್ಟರಿಗೆ ಎಲ್ಲ ಹೇಳಿದೆ. ಸಿಟ್ಟಿನವರಲ್ಲ, ಆದರೆ ಅವರ ಪ್ರಶ್ನೆಗಳು ಸಿಟ್ಟಿಗಿಂತ ಕಷ್ಟ. "ಬಾಯಿ ತೆಗೆದು ನೋಡಿದ್ದು ಯಾರು?" ಎಂದರು. "ಮನೆಯವರು," ಎಂದೆ. "ಸಂಬಳ ಯಾರಿಗೆ?" ಎಂದರು. "ನಾಳೆಯಿಂದ ಹತ್ತು ದಿನ ನೀನೇ ಹೋಗಿ ನೋಡ್ಬೇಕು. ತಿಂದಿತಾ, ಕುಡಿಯಿತಾ, ನಡೆಯಿತಾ, ಕಣ್ಣಾರೆ ನೋಡಿ ಬರೀಬೇಕು. ಆಯಮ್ಮನ್ನ ದಿನಾ ಕರ್ಕೊಂಡು ಬಂದು ದೊಡ್ಡಾಸ್ಪತ್ರೆಲಿ ಇಂಜೆಕ್ಷನ್ ಕೊಡಿಸೋದೂ ನಿನ್ನ ಕೆಲಸವೇ."

ಆಗ ನಾಯಿ ಕಡಿತಕ್ಕೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ದಿನಕ್ಕೊಂದು, ದಪ್ಪ ಸೂಜಿ. ಆ ಲಸಿಕೆ ಈಗಿನಷ್ಟು ಒಳ್ಳೆಯದೂ ಅಲ್ಲ. ಕಾದು ನೋಡಿದ ನಾಯಿ ಹತ್ತು ದಿನ ದಾಟಿದರೆ ಇಂಜೆಕ್ಷನ್ ನಿಲ್ಲಿಸುತ್ತಿದ್ದರು. ಈಗ ತೋಳಿಗೆ ನಾಲ್ಕೈದು ಚುಚ್ಚಿದರೆ ಮುಗಿಯಿತು. ನೀವು ಕೆಲಸಕ್ಕೆ ಸೇರುವ ಮೊದಲೇ ಹಾಕಿಸಿಕೊಂಡಿರಬೇಕು. ಹಾಕಿಸಿಕೊಳ್ಳದವರು ಈ ಪುಟ ಮಡಚಿಟ್ಟು ಮೊದಲು ಹೋಗಿ ಹಾಕಿಸಿಕೊಂಡು ಬನ್ನಿ, ಆಮೇಲೆ ಓದಬಹುದು.

ಹೀಗೆ ನನ್ನ ಹತ್ತು ದಿನದ ನಾಯಿ ಕಾಯುವ ಕೆಲಸ ಶುರುವಾಯಿತು. ಬೆಳಗಿನ ಬಸ್ಸಿಗೆ ಬೇಗಾರಿಗೆ ಹೋಗುವುದು, ದಾಸುವಿನಿಂದ ಸ್ವಲ್ಪ ದೂರದಲ್ಲಿ ಮಣೆ ಹಾಕಿ ಕೂರುವುದು, ಹನ್ನೊಂದರ ಬಸ್ಸಿಗೆ ಭಾಗೀರಥಕ್ಕನನ್ನು ಕರೆದುಕೊಂಡು ಶೃಂಗೇರಿಗೆ ಬರುವುದು. ಬಸ್ಸಿನ ಕಂಡಕ್ಟರಿಗೆ ಎರಡನೇ ದಿನಕ್ಕೇ ಎಲ್ಲ ವಿಷಯ ಗೊತ್ತಾಗಿತ್ತು. ಟಿಕೆಟ್ ಹರಿಯುತ್ತಾ ನನ್ನನ್ನು "ನಾಯಿ ಹ್ಯಾಗಿದೆ?" ಎಂದೂ ಅವರನ್ನು "ಹೊಟ್ಟೆ ಹ್ಯಾಗಿದೆ?" ಎಂದೂ ಕೇಳುತ್ತಿದ್ದ. "ನಿಂಗೂ ಒಂದು ಚುಚ್ಚಿಸ್ಲಾ, ಹೆಂಗಿದೆ ಅಂತ ಗೊತ್ತಾಗ್ತು," ಎನ್ನುತ್ತಿದ್ದರು ಭಾಗೀರಥಕ್ಕ.

ಮೊದಲ ದಿನ ನಾನು ನೋಟ್ ಪುಸ್ತಕ ತೊಡೆಯ ಮೇಲಿಟ್ಟು ದಾಸುವನ್ನೇ ನೋಡುತ್ತಾ ಕೂತಿದ್ದೆ. ಅವನು ನನ್ನನ್ನೇ ನೋಡುತ್ತಾ ಕೂತಿದ್ದ. ಎರಡನೇ ದಿನಕ್ಕೆ ಭಾಗೀರಥಕ್ಕನಿಗೆ ತಡೆಯಲಿಲ್ಲ. "ಸುಮ್ನೆ ಕೂತು ನಾಯಿ ಮುಖ ನೋಡೂಕೆ ಸರ್ಕಾರ ದುಡ್ಡು ಕೊಡ್ತಾ? ಬಾ ಕೂಸೇ ಇಲ್ಲಿ, ಈ ಕೋಲು ಹಿಡಿ. ನಂಗೆ ಒಂದೇ ಕೈ," ಎಂದರು.

ಎದ್ದು ಹೋಗಿ ಕೋಲು ಹಿಡಿದೆ. ಡೇರೆ ಗಿಡ ಹೂವಿನ ಭಾರಕ್ಕೆ ಬಾಗುತ್ತದೆ, ಕೋಲು ಊರಿ ಬಾಳೆನಾರಿನಲ್ಲಿ ಕಟ್ಟಬೇಕು. ಬಿಗಿ ಕಟ್ಟಿದರೆ ನಾರು ಕಾಂಡವನ್ನು ಕೊಯ್ಯುತ್ತದೆ, ಸಡಿಲ ಕಟ್ಟಿದರೆ ಗಾಳಿಗೆ ಮುರಿಯುತ್ತದೆ. ನನ್ನ ಮೊದಲ ಗಂಟು ನೋಡಿ ಅವರು, "ಇದೆಂತ ದನ ಕಟ್ಟಿದ್ದಾ?" ಎಂದರು. ಎರಡು ಬೆರಳು ಒಳಗೆ ಹೋಗುವಷ್ಟು ಜಾಗ ಬಿಟ್ಟು ಕಟ್ಟುವುದನ್ನು ತೋರಿಸಿಕೊಟ್ಟರು. ಆ ಕೆಂಪು ಡೇರೆ ಅವರ ಪ್ರಾಣ. ಕೋಳಿ ಆ ಕಡೆ ಹೆಜ್ಜೆ ಇಟ್ಟರೆ ಅಡಿಗೆಮನೆಯಿಂದಲೇ ಕಲ್ಲು ಬರುತ್ತಿತ್ತು. ಹೂ ಕೀಳಲು ಸುಬ್ರಾಯಣ್ಣನಿಗೂ ಅಪ್ಪಣೆ ಇರಲಿಲ್ಲ, ದೇವರಿಗೆ ದಾಸವಾಳ ಸಾಕು ಎಂಬ ಕಾನೂನು.

ಮೂರನೇ ದಿನ ತೊಂಡೆ ಚಪ್ಪರದ ಕೆಳಗೆ ಕೂತು ತೊಂಡೆಕಾಯಿ ಕೊಯ್ದೆವು. ನಾಲ್ಕನೇ ದಿನ ದಾಸು ನನ್ನನ್ನು ಕಂಡು ಬಾಲ ಅಲ್ಲಾಡಿಸಿದ. ಐದನೇ ದಿನ ಬಸ್ಸಿಳಿದವಳು ತಿರುವಿನಿಂದಲೇ ಅವನ ಬೊಗಳು ಕೇಳಿ ನಡಿಗೆ ಜೋರು ಮಾಡಿದೆ. ಅಂಗಳದಲ್ಲಿ ಬಿಸಿಲು, ಒಲೆಯ ಮೇಲೆ ಬೇಯುವ ಕೆಸುವಿನ ವಾಸನೆ, ಕೈತುಂಬ ಮಣ್ಣು, ಪಕ್ಕದಲ್ಲಿ ಕಾಲು ಚಾಚಿ ಮಲಗಿದ ಒಂದು ನಾಯಿ. ಬದುಕು ಹೀಗೂ ಇರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಅಪ್ಪನ ಮನೆಯಲ್ಲಿ ಓದು ಓದು ಎಂದು ಬೆಳೆದವಳು, ಆಮೇಲೆ ಬಾಡಿಗೆ ಕೋಣೆ. ನನಗೂ ಒಂದು ದಿನ ಇಷ್ಟು ಬೇಕು, ಇಷ್ಟೇ ಸಾಕು ಎಂದು ಆಸೆ ಹುಟ್ಟಿದ್ದು ಅಲ್ಲಿ. ಆ ಆಸೆ ಪಡುವಾಗಲೆಲ್ಲ ನೆನಪಾಗುತ್ತಿತ್ತು: ಈ ಅಂಗಳದ ಯಜಮಾನಿಯ ಜೀವ ನನ್ನಿಂದಾಗಿ ಒಂದು ಹಗ್ಗಕ್ಕೆ ಕಟ್ಟಿಹಾಕಿಕೊಂಡಿದೆ.

ಆರನೇ ದಿನ ಹೋದಾಗ ದಾಸು ಬೊಗಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮುಂದೆ ಇಟ್ಟ ಅನ್ನ ಹಾಗೇ ಇತ್ತು. ಕರೆದರೆ ಬಾಲದ ತುದಿ ಒಂದು ಸಲ ಅಲ್ಲಾಡಿತು, ಅಷ್ಟೇ. ಭಾಗೀರಥಕ್ಕ ಕಟ್ಟೆಯ ಮೇಲೆ ಕೂತಿದ್ದರು. ಆ ದಿನ ಗಿಡದ ಮಾತಾಡಲಿಲ್ಲ.

"ಕೂಸೇ, ನಿಜ ಹೇಳು. ಹುಚ್ಚೇ ಆಗಿದ್ರೆ ನಂಗೆ ಎಷ್ಟು ದಿನ?"

ನಾನು ಅತ್ತೆ. ಇಲಾಖೆಯವರು ಮನೆಯವರ ಮುಂದೆ ಅಳಬಾರದು ಎನ್ನುತ್ತಾರೆ, ಅತ್ತೆ. "ಅಕ್ಕ, ನಾನು ಅವತ್ತು ಹತ್ತಿರ ಹೋಗ್ಲೇ ಇಲ್ಲ. ಬಾಯಿ ತೆಗೆದು ನೋಡ್ದೇ ಹೊಡೆಸಿ ಅಂದೆ. ಹೆದರಿಕೆ ಆಗಿತ್ತು. ನಾನು ನೋಡಿದ್ದಿದ್ರೆ ನೀವು ಕೈ ಹಾಕ್ಬೇಕಾಗಿರ್ಲಿಲ್ಲ," ಎಂದೆ.

"ಗೊತ್ತು," ಎಂದರು. "ನೀನು ಎಲ್ಲಿ ನಿಂತಿದ್ದೆ ಅಂತ ಬಾಗಿಲಲ್ಲಿ ನಿಂತು ನೋಡ್ದೆ."

"ಮತ್ತೆ ಯಾಕೆ ಇಷ್ಟು ದಿನ ಏನೂ ಹೇಳ್ಲಿಲ್ಲ?"

"ನೀನಾಗೇ ಹೇಳ್ತೀಯಾ ಅಂತ ನೋಡ್ತಿದ್ದೆ." ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದರು. "ಮುಖ ಒರ್ಸ್ಕೋ. ನಂಗೂ ಹೆದ್ರಿಕೆ ಆಗಿತ್ತು. ಆದ್ರೆ ಅವನು ನಮ್ಮನೆಯವನು, ಅಲ್ದಾ?"

ಅಷ್ಟರಲ್ಲಿ ಸುಬ್ರಾಯಣ್ಣ ಕಟ್ಟಿಗೆ ಕೊಟ್ಟಿಗೆಯ ಕಡೆಯಿಂದ ಬಂದರು. ಅವರ ನಡಿಗೆಯಲ್ಲಿ ಏನೋ ಕಳ್ಳತನ. ನಮ್ಮಿಬ್ಬರ ಮುಖ ನೋಡಿದರು, ನಾಯಿಯ ಅನ್ನ ನೋಡಿದರು, ಕೆಮ್ಮಿದರು.

"ಅದು ಎಂತ ಅಂದ್ರೆ," ಎಂದು ಶುರು ಮಾಡಿ ನಿಲ್ಲಿಸಿದರು. ಭಾಗೀರಥಕ್ಕ ಕಣ್ಣೆತ್ತಿ ನೋಡಿದ ಮೇಲೆ ಉಳಿದದ್ದು ಹೊರಗೆ ಬಂತು. "ಬೆಳಿಗ್ಗೆ ನೀನು ಕಡುಬು ಬೇಯ್ಸಿ ಇಟ್ಟಿದ್ದೆ ನೋಡು, ಅದ್ರಲ್ಲಿ ಅವನಿಗೆ ಹಾಕ್ದೆ."

"ಎಷ್ಟು?"

"ಏಳು."

"ಏಳಾ?"

"ಹಾಲು ಹಾಕಿ ಕಲಸಿದ್ದೆ. ಪಾಪ, ಕೋವಿ ತರೂಕೆ ನಾನೇ ಹೋಗಿದ್ದಲ್ದಾ. ದಿನಾ ಎರಡೆರಡು ಹಾಕ್ತಿದ್ದೆ. ಇವತ್ತು ಇನ್ನೂ ಬೇಕು ಅಂದ."

ನಾನು ದಾಸುವಿನ ಬಳಿ ಹೋಗಿ ಹೊಟ್ಟೆ ಮುಟ್ಟಿ ನೋಡಿದೆ. ಮದ್ದಳೆಯ ಹಾಗೆ ಬಿಗಿದಿತ್ತು. ಅವನು ಡರ್ರೆಂದು ತೇಗಿದ. ಭಾಗೀರಥಕ್ಕ ಗಂಡನಿಗೆ ಬೈಯಲು ಬಾಯಿ ತೆರೆದವರು ನಗಲು ಶುರು ಮಾಡಿದರು. ಹೊಟ್ಟೆಯ ಮೇಲೆ ಐದು ಇಂಜೆಕ್ಷನ್ನಿನ ಗಂಟುಗಳಿದ್ದವಲ್ಲ, ನಕ್ಕರೆ ನೋಯುತ್ತದೆ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಅಯ್ಯೋ ನಗಿಸ್ಬೇಡಿ ಎನ್ನುತ್ತಾ ನಕ್ಕರು. ಅವತ್ತು ನಾನು ವರದಿಯಲ್ಲಿ ಬರೆದದ್ದು: "ಆಹಾರ ಸೇವಿಸಿಲ್ಲ. ಕಾರಣ, ಅತಿಯಾಗಿ ಆಹಾರ ಸೇವಿಸಿದ್ದು." ಡಾಕ್ಟರು ಓದಿ ಸಹಿ ಮಾಡಿದರು. ಅವರ ಮೀಸೆ ಅಲ್ಲಾಡಿದ್ದು ಕಂಡೆ.

ಆಮೇಲಿನ ದಿನಗಳೂ ಹೆದರಿಕೆಯದೇ. ಏಳನೇ ದಿನ ದಾಸು ಸೀನಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಎಂಟನೇ ದಿನ ಅವನ ನೀರಿನ ಬಟ್ಟಲು ಮಗುಚಿದ್ದು ಕಂಡು, ನೀರಿಗೆ ಹೆದರಿದನೇ ಎಂದು ಮತ್ತೆ ಎರಡು ಸಲ ನೀರಿಟ್ಟು ಕುಡಿಸಿ ನೋಡಿದೆ. ಒಂಬತ್ತನೇ ದಿನ ಭಾಗೀರಥಕ್ಕ ಇಂಜೆಕ್ಷನ್ ಮಾಡಿಸಿಕೊಂಡು ಹೊರಗೆ ಬಂದು, "ನಾಳೆದು ಒಂದಾದ್ರೆ ಮುಗೀತು ಅಲ್ದಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಬಸ್ಸಿನ ಕಡೆ ನಡೆದರು.

ಹತ್ತನೇ ದಿನ ಡಾಕ್ಟರು ತಾವೇ ಬಂದರು. ರಂಗಪ್ಪಗೌಡರು ಈ ಸಲ ಕೋವಿ ಬಿಟ್ಟು ಒಂದು ಗೊನೆ ಬಾಳೆಹಣ್ಣು ಹಿಡಿದು ಬಂದಿದ್ದರು. ಡಾಕ್ಟರು ದಾಸುವಿನ ಕಣ್ಣು ನೋಡಿದರು, ನಡೆಸಿ ನೋಡಿದರು, ನೀರು ಕುಡಿಸಿದರು. ನನ್ನ ಕಡೆ ತಿರುಗಿ, "ನೀನು ಹೇಳು," ಎಂದರು.

"ಆರೋಗ್ಯವಾಗಿದೆ ಸಾರ್," ಎಂದೆ.

"ಹಾಗಾದ್ರೆ ಬಿಚ್ಚು."

ಗಂಟು ಬಿಗಿದುಕೊಂಡಿತ್ತು. ಕೊನೆಗೆ ಹಗ್ಗ ಕಳಚಿತು. ದಾಸು ಒಂದು ಕ್ಷಣ ನಂಬಲಾರದೆ ನಿಂತ. ಆಮೇಲೆ ಹೊರಟ. ಹತ್ತು ದಿನದ ಓಟವನ್ನೆಲ್ಲ ಒಂದೇ ಸಲ ಓಡಬೇಕೆನ್ನುವವನ ಹಾಗೆ ಅಂಗಳಕ್ಕೆ ಮೂರು ಸುತ್ತು ಹಾಕಿ, ಕೋಳಿಗಳನ್ನು ಚೆದುರಿಸಿ, ನೇರವಾಗಿ ಕೆಂಪು ಡೇರೆಯ ಸಾಲಿಗೆ ನುಗ್ಗಿದ. ಈ ತುದಿಯಿಂದ ಆ ತುದಿಗೆ. ಆ ತುದಿಯಿಂದ ಈ ತುದಿಗೆ. ನಾನೇ ಕಟ್ಟಿದ್ದ ಕೋಲುಗಳು ಲಟಲಟನೆ ಮುರಿದವು. ತಟ್ಟೆಯಗಲದ ಹೂವುಗಳು ಮಣ್ಣಿಗೆ ಬಿದ್ದವು. ಸುಬ್ರಾಯಣ್ಣ ಹೆದರಿ ಹೆಂಡತಿಯ ಮುಖ ನೋಡಿ, ಬೆತ್ತಕ್ಕೆ ಕೈ ಹಾಕಿದರು.

"ಬೇಡಿ," ಎಂದರು ಭಾಗೀರಥಕ್ಕ. "ಓಡ್ಲಿ ಬಿಡಿ. ಓಡು ಮಾರಾಯ, ಓಡು."

ಹೇಳಿ ಮೆಟ್ಟಿಲ ಮೇಲೆ ಕುಸಿದು ಕೂತು, ಪಟ್ಟಿ ಕಟ್ಟಿದ ಕೈಯಲ್ಲಿ ಸೆರಗು ಹಿಡಿದು ಮುಖಕ್ಕೆ ಒತ್ತಿಕೊಂಡು ಅತ್ತರು. ಹತ್ತು ದಿನದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಹೋಗಿ ಅವರ ಪಕ್ಕ ಕೂತೆ.

ದಾಸು ಓಡಿ ಓಡಿ ಸುಸ್ತಾಗಿ, ಮೈಗೆಲ್ಲ ಮಣ್ಣು, ಕಿವಿಯ ಮೇಲೊಂದು ಕೆಂಪು ಎಸಳು ಅಂಟಿಸಿಕೊಂಡು ಬಂದು ನನ್ನ ಮಡಿಲಲ್ಲಿ ತಲೆಯಿಟ್ಟ. ನಾನು ಎರಡೂ ಕೈಯಿಂದ ಅವನ ದವಡೆ ಹಿಡಿದು ಬಾಯಿ ತೆಗೆದೆ. ಬಿಸಿಲು ಬೀಳುವ ಕಡೆಗೆ ತಿರುಗಿಸಿ, ಹಲ್ಲು, ನಾಲಿಗೆ, ಮುಳ್ಳು ಚುಚ್ಚಿ ಮಾಯುತ್ತಿದ್ದ ಗುರುತು, ಗಂಟಲಿನ ತನಕ ಎಲ್ಲವನ್ನೂ ನಿಧಾನವಾಗಿ ನೋಡಿದೆ. ಅವನು ಸುಮ್ಮನೆ ನೋಡಿಸಿಕೊಂಡ.